ರಜಾಕಾಲದ ಪೀಠ

ಹೈಕೋರ್ಟಿಗೆ ರಜೆ ಬಂತೆಂದು ಪೂರ್ತಿ ಬೀಗ ಜಡಿದು ಹೋಗುವಂತಿಲ್ಲ. ಬೇಸಿಗೆ ಇರಲಿ, ದಸರೆ ಇರಲಿ, ತುರ್ತು ಅರ್ಜಿ ಹಿಡಿದು ಬಂದವರ ಅಹವಾಲು ಕೇಳಲಿಕ್ಕೆ ರಜಾಕಾಲದ ಪೀಠ ಅಂತ ಒಂದು ಕೂತಿರುತ್ತದೆ. ಸದ್ಯ ನಮ್ಮ ಮನೆಯ ಜಗಲಿಯಲ್ಲೂ ಅಂಥದೊಂದು ಪೀಠ ಸ್ಥಾಪನೆಯಾಗಿದೆ. ಬೆಳಿಗ್ಗೆ ಹತ್ತೂವರೆಗೆ ಕಂಬಳಿಯಿಂದ ಹೊರಗೆ ಬರುತ್ತದೆ, ಹನ್ನೊಂದಕ್ಕೆ ತಣ್ಣಗಾದ ದೋಸೆಯ ವಿರುದ್ಧ ಮೊದಲ ತಕರಾರು ದಾಖಲಿಸುತ್ತದೆ, ಅಲ್ಲಿಂದ ಮುಂದೆ ನಡುರಾತ್ರಿಯವರೆಗೆ ಕಲಾಪವೋ ಕಲಾಪ.

ಈ ಪೀಠ ನಮ್ಮಣ್ಣನ ಮಗಳು. ಬೆಂಗಳೂರಿನಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಓದುತ್ತಾಳೆ. ಹತ್ತು ಸೆಮಿಸ್ಟರಿನ ಕೋರ್ಸಿನಲ್ಲಿ ಇನ್ನೊಂದನ್ನು ದಾಟಿಸಿ ಊರಿಗೆ ಬಂದಿದ್ದಾಳೆ. ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವುದು ನಿಂತೇ ಹೋಗಿದೆ. ಎಲ್ಲರ ಬಾಯಲ್ಲೂ ಲಾಯರಮ್ಮ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಘೋಷಿಸಿದಳು: "ಚಿಕ್ಕಪ್ಪ, ರಜೆ ಮುಗಿಯೋವರೆಗೆ ನನ್ನ ಹತ್ರ ಯಾರೂ ಕಾನೂನಿನ ಸುದ್ದಿ ಎತ್ತಬಾರದು. ನಾನು ಮಲಗಬೇಕು, ತಿನ್ನಬೇಕು, ಮತ್ತೆ ಮಲಗಬೇಕು. ಅಷ್ಟೆ." ನಾವು ಯಾರೂ ಎತ್ತಲಿಲ್ಲ. ಎತ್ತಿದ್ದು ಅವಳೇ. ಅದೂ ಅವತ್ತೇ ಸಂಜೆ, ಕೋಡುಬಳೆ ಡಬ್ಬದ ನಿಮಿತ್ತ.

ಡಬ್ಬದ ತಳ ಕಾಣುತ್ತಿತ್ತು. "ಇದನ್ನ ಖಾಲಿ ಮಾಡಿದ್ದು ಯಾರು?" ಎಂದು ಅಜ್ಜಿ ಕೇಳಿದರು. ಅಜ್ಜಿ ಅಂದರೆ ನನ್ನ ಅಮ್ಮ. ಮೊಮ್ಮಕ್ಕಳಾದ ಮೇಲೆ ಕೇರಿಗೆಲ್ಲ ಅಜ್ಜಿ. ಬೇರೆ ಮಕ್ಕಳಾದರೆ 'ನಾನಲ್ಲಪ್ಪ' ಎಂದು ಜಾರಿಕೊಳ್ಳುತ್ತವೆ. ಲಾಯರಮ್ಮ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. "ಭಾರತೀಯ ನ್ಯಾಯ ಸಂಹಿತೆ, ಸೆಕ್ಷನ್ 33" ಎಂದಳು. ಸಾಧಾರಣ ಬುದ್ಧಿಯ, ಸಾಧಾರಣ ಸ್ವಭಾವದ ಯಾವ ಮನುಷ್ಯನೂ ದೂರು ಹೇಳಲಾರದಷ್ಟು ಅಲ್ಪ ಹಾನಿಯಾದರೆ ಅದು ಅಪರಾಧವೇ ಅಲ್ಲವಂತೆ. ಅಜ್ಜಿ ಡಬ್ಬ ಮುಚ್ಚಿಟ್ಟು, "ನನ್ನ ಸ್ವಭಾವ ಸಾಧಾರಣದ್ದು ಅಂತ ನಿಂಗೆ ಹೇಳಿದ್ದು ಯಾರು?" ಎಂದು ಕೇಳಿದರು. ಮೊದಲ ಪ್ರಕರಣದಲ್ಲೇ ಪೀಠಕ್ಕೆ ಸೋಲು. ಆಗಲೇಬೇಕು ಬಿಡಿ; ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಿ ಕೂರಬಾರದು ಅಂತ ಇವರಿಗೆ ಮೊದಲ ವರ್ಷದಲ್ಲೇ ಹೇಳಿಕೊಟ್ಟಿರುತ್ತಾರಲ್ಲ.

ಪರೀಕ್ಷೆಯ ಸುದ್ದಿ ಅವಳ ಬಾಯಲ್ಲೇ ಕೇಳಬೇಕು. ಇಷ್ಟಗಲದ ಪುಸ್ತಕದಲ್ಲಿ ಯಾವ ಯೂನಿಟ್ಟನ್ನು ಚಾಯ್ಸಿಗೆ ಬಿಡುವುದು ಎಂದು ಹಾಸ್ಟೆಲಿನಲ್ಲಿ ಮಹಾಸಭೆ ನಡೆಯುತ್ತದೆ. ಬಿಟ್ಟ ಯೂನಿಟ್ಟಿನಿಂದಲೇ ದೊಡ್ಡ ಪ್ರಶ್ನೆ ಬರುತ್ತದೆ. ಓದಿದ್ದೆಲ್ಲ ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ಉಳಿದು, ಪ್ರಕರಣದ ಹೆಸರು ನಾಲಿಗೆಯ ತುದಿಗೆ ಬಂದು ಪೆನ್ನಿಗೆ ಇಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಬಳಸಲಿಕ್ಕೆಂದೇ ಒಂದು ವಾಕ್ಯವಿದೆ: 'ಒಂದು ಸುಪ್ರಸಿದ್ಧ ಪ್ರಕರಣದಲ್ಲಿ ಘನ ನ್ಯಾಯಾಲಯವು ಅಭಿಪ್ರಾಯಪಟ್ಟಂತೆ...' ಹೆಸರು ಬರೆಯದೆ ಬಿಟ್ಟರೆ ಅದು ಸುಪ್ರಸಿದ್ಧವಾಗಿರುವುದರಿಂದಲೇ ಬಿಟ್ಟಿದ್ದಾಳೆ ಎಂದು ಮೌಲ್ಯಮಾಪಕರು ತಿಳಿಯಬೇಕು.

ಎಷ್ಟು ಮರೆತರೂ ಮರೆಯದ ಪ್ರಕರಣ ಒಂದಿದೆಯಂತೆ, ಬಸವನಹುಳದ್ದು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಕೆಫೆಯೊಂದರಲ್ಲಿ ಡಾನಹ್ಯೂ ಎಂಬ ಹೆಂಗಸು ಶುಂಠಿ ಪಾನೀಯ ಕುಡಿದಳು. ಬಾಟಲಿಯಲ್ಲಿ ಉಳಿದದ್ದನ್ನು ಸುರಿದರೆ ಕೊಳೆತ ಬಸವನಹುಳ ಬಿತ್ತು ಎಂದು ದೂರು. ದುಡ್ಡು ಕೊಟ್ಟದ್ದು ಅವಳಲ್ಲ, ಜೊತೆಗಾತಿ. ಹಾಗಾಗಿ ಕೆಫೆಯವನ ಜೊತೆ ಇವಳಿಗೆ ಕರಾರೇ ಇಲ್ಲ. ಆಮೇಲೆ 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಮಾಲು ತಯಾರಿಸಿದವನಿಗೆ ಕೊನೆಗೆ ಅದನ್ನು ಕುಡಿಯುವವರ ಬಗ್ಗೆಯೂ ಎಚ್ಚರಿಕೆಯ ಹೊಣೆ ಇದೆ ಎಂದು ಮೂರಕ್ಕೆ ಎರಡು ಮತದಿಂದ ತೀರ್ಪು ಕೊಟ್ಟಿತು. ಇವತ್ತು ಪೊಟ್ಟಣದ ತಿಂಡಿಯಲ್ಲಿ ಹುಳ ಸಿಕ್ಕರೆ ನಾವು ಹಾರಾಡುವುದರ ಹಿಂದೆ ಆ ಹೆಂಗಸಿನ ಬಾಟಲಿ ಇದೆ. ಇಷ್ಟೆಲ್ಲ ಮಾಡಿ, ಹುಳ ನಿಜವಾಗಿ ಬಾಟಲಿಯಲ್ಲಿ ಇತ್ತೋ ಇಲ್ಲವೋ ಎಂಬುದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ, ಅಷ್ಟರೊಳಗೆ ರಾಜಿಯಾಯಿತು. ಕಥೆ ಕೇಳಿದ ಅಜ್ಜಿ, "ಒಂದು ಹುಳಕ್ಕೆ ಇಷ್ಟು ರಾದ್ಧಾಂತವಾ? ಮಳೆಗಾಲದಲ್ಲಿ ನಮ್ಮ ಹಿತ್ತಲಿಗೆ ಬಂದಿದ್ರೆ ಆ ಹೆಂಗ್ಸು ಜೀವಮಾನ ಇಡೀ ಕೋರ್ಟಲ್ಲೇ ಇರ್ತಿತ್ತು" ಎಂದರು.

ಈ ಕಾಲದ ಕಾನೂನು ವಿದ್ಯಾರ್ಥಿಗಳ ಮೇಲೆ ನನಗೆ ನಿಜವಾದ ಕನಿಕರ ಇರುವುದು ಬೇರೆ ಕಾರಣಕ್ಕೆ. 1860ರ ಭಾರತೀಯ ದಂಡ ಸಂಹಿತೆಯ ನಂಬರುಗಳು ಕಾನೂನು ಓದದವರಿಗೂ ಬಾಯಿಪಾಠವಾಗಿದ್ದವು. ಕೊಲೆಗೆ 302, ಮೋಸಕ್ಕೆ 420. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂತು. 511 ಕಲಮುಗಳಿದ್ದದ್ದು 358ಕ್ಕೆ ಇಳಿಯಿತು. ಅಂದಮೇಲೆ 420 ಎಂಬ ಕಲಮೇ ಈಗ ಇಲ್ಲ. ನಮ್ಮಣ್ಣ ಅಡಿಕೆ ವ್ಯಾಪಾರಿಯೊಬ್ಬನ ಸುದ್ದಿ ಬಂದಾಗೆಲ್ಲ "ಅವನೊಬ್ಬ ಫೋರ್‌ಟ್ವೆಂಟಿ" ಎಂದು ಹಲ್ಲು ಕಡಿಯುವುದುಂಟು. ಲಾಯರಮ್ಮ ತಕ್ಷಣ, "ಅಪ್ಪಾ, ಮುನ್ನೂರ ಹದಿನೆಂಟು, ಬ್ರಾಕೆಟ್ಟಿನಲ್ಲಿ ನಾಲ್ಕು" ಎಂದು ತಿದ್ದುತ್ತಾಳೆ. ಅಷ್ಟು ಉದ್ದಕ್ಕೆ ಬೈಯುವಷ್ಟರಲ್ಲಿ ಸಿಟ್ಟೇ ಇಳಿದುಹೋಗುತ್ತದೆ ಎನ್ನುವುದು ಅಣ್ಣನ ದೂರು. ಕೊಲೆ 103ಕ್ಕೆ ಹೋಗಿದೆ. ಹಳೆಯ 302ರ ಜಾಗದಲ್ಲಿ ಈಗ ಕೂತಿರುವುದು ಬೇಕೆಂತಲೇ ಧಾರ್ಮಿಕ ಭಾವನೆಗೆ ನೋವಾಗುವ ಮಾತಾಡುವ ಅಪರಾಧ. ಹೋಗಲಿ, ಹೊಸದನ್ನಷ್ಟೇ ಕಲಿತರೆ ಸಾಕೇ ಎಂದರೆ ಅದೂ ಇಲ್ಲ. ಆ ತಾರೀಕಿಗೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ. ಹಾಗಾಗಿ ಈ ಮಕ್ಕಳು ಹಳೇ ಸಂಬಂಧವನ್ನೂ ಕಡಿದುಕೊಳ್ಳದೆ ಹೊಸ ಸಂಬಂಧವನ್ನೂ ನಿಭಾಯಿಸಬೇಕು.

ಬದಲಾಗದೆ ಉಳಿದವನು ಒಬ್ಬನೇ, 'ಎ'. ಅವನ ಪರಿಚಯ ನಮಗಾದದ್ದು ಅಡಿಕೆ ಸುಲಿಯುವ ರಾತ್ರಿ. ಮೆಕಾಲೆ ಕಾಲದಿಂದಲೂ ದಂಡ ಸಂಹಿತೆಯ ಉದಾಹರಣೆಗಳಲ್ಲಿ ಸಾಮಾನ್ಯವಾಗಿ ಕಿತಾಪತಿ ಮಾಡುವವನು 'ಎ', ಅನುಭವಿಸುವವನು 'ಝೆಡ್'. ಕಳವಿನ ಸೆಕ್ಷನ್ನಿನಲ್ಲಂತೂ ಅವನ ಕೈಚಳಕ ಕೇಳಲೇಬೇಕು. ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ಝೆಡ್‌ನ ನಾಯಿಯನ್ನು ತನ್ನ ಹಿಂದೆ ಬರುವಂತೆ ಮಾಡುತ್ತಾನೆ. ಎದುರಿಗೆ ನಿಧಿಯ ಪೆಟ್ಟಿಗೆ ಹೊತ್ತ ಎತ್ತೊಂದು ಸಿಗುತ್ತದೆ (ಅಂಥ ಎತ್ತು ಅವನಿಗೆ ಮಾತ್ರ ಸಿಗುತ್ತದೆ), ಅದನ್ನು ತನಗೆ ಬೇಕಾದ ದಿಕ್ಕಿಗೆ ಹೊಡೆಯುತ್ತಾನೆ. ಎತ್ತು ಹೆಜ್ಜೆ ಎತ್ತಿಟ್ಟ ಕ್ಷಣಕ್ಕೇ ಕಳವು ಪೂರ್ತಿಯಾಯಿತು. ಝೆಡ್‌ನ ಮನೆಯ ಮೇಜಿನ ಮೇಲಿದ್ದ ಉಂಗುರವನ್ನು ಅದೇ ಮನೆಯಲ್ಲಿ ಬಚ್ಚಿಟ್ಟು, ಎಲ್ಲರೂ ಮರೆತ ಮೇಲೆ ತೆಗೆದುಕೊಂಡು ಹೋಗುವ ಉಪಾಯ ಮಾಡುತ್ತಾನೆ. ಅಜ್ಜಿ ಮೆಟ್ಟುಗತ್ತಿ ನಿಲ್ಲಿಸಿ ಕೇಳಿದರು: "ಆ ಎ ಯಾರ ಮನೆ ಹುಡುಗ? ಅವನ ಅಪ್ಪ ಅಮ್ಮ ಎಂತ ಮಾಡ್ತಿದ್ದಾರೆ? ಮತ್ತೆ ಆ ಝೆಡ್ಡು, ಇಷ್ಟು ಸಲ ಕಳ್ಕೊಂಡ ಮೇಲೂ ಬಾಗಿಲಿಗೆ ಅಗಳಿ ಹಾಕೋದು ಕಲಿಲಿಲ್ವಾ?" ನೂರ ಅರವತ್ತು ವರ್ಷ ದೇಶದ ಕಾನೂನು ಪಂಡಿತರು ಯಾರೂ ಕೇಳದ ಪ್ರಶ್ನೆ ಇದು.

ಇವಳ ಜೊತೆ ಕೂತು ಟಿವಿ ನೋಡುವುದು ಇನ್ನೊಂದು ಶಿಕ್ಷೆ. ಧಾರಾವಾಹಿಯಲ್ಲಿ ಕೋರ್ಟಿನ ದೃಶ್ಯ ಬರುತ್ತದೆ. ಜಡ್ಜು ಮರದ ಸುತ್ತಿಗೆ ಕುಟ್ಟುತ್ತಾರೆ. "ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಇಲ್ಲ" ಎಂದು ಇವಳ ಆಕ್ಷೇಪಣೆ. ಸಾಕ್ಷಿ ಭಗವದ್ಗೀತೆಯ ಮೇಲೆ ಕೈ ಇಡುತ್ತಾನೆ. "1969ರ ಪ್ರಮಾಣಗಳ ಕಾಯ್ದೆಯ ನಮೂನೆಯಲ್ಲಿ ಯಾವ ಗ್ರಂಥವೂ ಇಲ್ಲ. ದೇವರ ಹೆಸರಲ್ಲೋ, ಆತ್ಮಸಾಕ್ಷಿಯಾಗಿಯೋ ಹೇಳಿದರೆ ಮುಗೀತು." ನಾಯಕಿಯ ಕಡೆಯ ಸಾಕ್ಷಿ ಕೊನೇ ಕ್ಷಣದಲ್ಲಿ ಓಡೋಡಿ ಬಂದು "ನಿಲ್ಲಿಸಿ!" ಎನ್ನುತ್ತಾನೆ. "ಸಾಕ್ಷಿ ಪಟ್ಟಿಯಲ್ಲಿ ಅವನ ಹೆಸರೆಲ್ಲಿದೆ?" ಅತ್ತಿಗೆ ಎರಡು ವರ್ಷದಿಂದ ಕಣ್ಣೀರು ಸುರಿಸುತ್ತ ಕಾದ ದೃಶ್ಯ ಅದು. ಕೊನೆಗೆ ರಿಮೋಟಿನ ಮೇಲೆ ಒಂದು ತಡೆಯಾಜ್ಞೆ ಹೊರಡಿಸಬೇಕಾಯಿತು.

ಇವಳು ಬಂದ ಸುದ್ದಿ ಕೇರಿಗೆ ಹರಡಿದ್ದೇ ಕಕ್ಷಿದಾರರು ಬರತೊಡಗಿದರು. ಊರಿನಲ್ಲಿ ಮೆಡಿಕಲ್ ಓದುವ ಮಕ್ಕಳಿಗೆ ಮಂಡಿನೋವು ತೋರಿಸುತ್ತಾರೆ. ಲಾ ಓದುವವರಿಗೆ ಪಹಣಿ ತೋರಿಸುತ್ತಾರೆ. ಒಬ್ಬರಿಗೆ ಬೇಲಿ ಎರಡು ಮೊಳ ಒಳಗೆ ಬಂದ ಸಂಕಟ. "ಬಂದು ಎಷ್ಟು ವರ್ಷ ಆಯ್ತು?" ಎಂದು ಇವಳು ಕೇಳಿದಳು. ಹನ್ನೆರಡು ವರ್ಷ ಸುಮ್ಮನಿದ್ದು ಆಮೇಲೆ ದಾವೆಗೆ ಹೋದರೆ, ಎದುರಿನವನು ಇಷ್ಟು ಕಾಲ ಎಲ್ಲರಿಗೂ ಕಾಣುವಂತೆ ನನ್ನದೇ ಎಂದು ಅನುಭವಿಸಿದ್ದೇನೆ ಎಂದು ನಿಂತುಬಿಡಬಹುದಂತೆ. ಅವರು ಬೆರಳು ಮಡಚಿ ಎಣಿಸುತ್ತ ಎದ್ದು ಓಡಿದರು. ಇನ್ನೊಬ್ಬರ ಕೈಗೆ ಬಂದ ಚೆಕ್ಕು ಬೌನ್ಸಾಗಿತ್ತು. ಬ್ಯಾಂಕಿನಿಂದ ಸುದ್ದಿ ಬಂದ ಮೂವತ್ತು ದಿನದೊಳಗೆ ನೋಟಿಸು, ನೋಟಿಸು ತಲುಪಿ ಹದಿನೈದು ದಿನ ಅವನಿಗೆ ಅವಕಾಶ, ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ದೂರು. ಇವಳು ಪಟಪಟನೆ ಹೇಳಿ, ಕೊನೆಗೆ, "ಆದ್ರೆ ನನ್ನ ಮಾತು ಕೇಳಬೇಡಿ, ನನಗಿನ್ನೂ ಸನ್ನದಿಲ್ಲ" ಎಂದು ಸೇರಿಸಿದಳು. 1961ರ ವಕೀಲರ ಕಾಯ್ದೆಯ ಪ್ರಕಾರ ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಾಗದೆ ವಕೀಲಿಕೆ ಮಾಡುವಂತಿಲ್ಲ. ಆ ದಾಖಲಾತಿಗೆ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ, ಪಂಗಡದವರಾದರೆ 125ಕ್ಕಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆಯಂತೆ. ಅಣ್ಣ ನಿಟ್ಟುಸಿರು ಬಿಟ್ಟ: "ಐದು ವರ್ಷದ ಫೀಸಿಗೂ ಯಾರಾದ್ರೂ ಹಾಗೊಂದು ರಿಟ್ ಹಾಕಬಾರದಾ?"

ಅಡಿಕೆ ಸುಲಿಯಲು ಬಂದ ಹೆಂಗಸೊಬ್ಬಳು ಮಾತ್ರ ಎಲ್ಲರೂ ಹೋಗುವವರೆಗೆ ಕಾದು ಮೆಲ್ಲಗೆ ಏನೋ ಕೇಳಿದಳು. ಲಾಯರಮ್ಮ ಅವಳಿಗೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯ ದಾರಿ ಹೇಳಿದಳು. ಹೆಂಗಸರಿಗೆ ಅಲ್ಲಿ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. 1987ರ ಕಾಯ್ದೆಯಲ್ಲೇ ಇದೆ. "ಸನ್ನದಿಲ್ಲದೆ ಸಲಹೆ ಕೊಟ್ಟೆಯಲ್ಲ" ಎಂದು ನಾನು ಕೆಣಕಿದರೆ, "ಅದು ಸಲಹೆ ಅಲ್ಲ ಚಿಕ್ಕಪ್ಪ, ವಿಳಾಸ" ಎಂದಳು.

ಇಂಥ ಪೀಠಕ್ಕೆ ಎದುರಾಗಿ ಮನೆಯಲ್ಲಿ ನಿಲ್ಲಬಲ್ಲವರು ಅತ್ತಿಗೆ ಒಬ್ಬರೇ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರನ್ನೂ ಅವರು ಒಂದೇ ಸೆರಗಿಗೆ ಗಂಟು ಹಾಕಿಕೊಂಡಿದ್ದಾರೆ. ಸಂಜೆಯ ಎರಡನೇ ಕಾಫಿ ಇನ್ನು ಮುಂದೆ ಇಲ್ಲ ಎಂದು ಅವರು ಒಂದು ತಿದ್ದುಪಡಿ ತಂದರು. ಲಾಯರಮ್ಮ ಎದ್ದು ನಿಂತೇಬಿಟ್ಟಳು. "ಅಮ್ಮಾ, ನೀನು ಏನು ಬೇಕಾದರೂ ತಿದ್ದಬಹುದು, ಮೂಲ ಸ್ವರೂಪ ಮುಟ್ಟುವಂತಿಲ್ಲ. ಕೇಶವಾನಂದ ಭಾರತಿ, 1973." ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದವರು ಅವರು; ಯಕ್ಷಗಾನವೆಂದರೆ ಪ್ರಾಣ. ಕೇರಳದ ಭೂಸುಧಾರಣೆಯಿಂದ ಮಠದ ಜಮೀನಿಗೆ ಕುತ್ತು ಬಂದಾಗ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ಕೇಳಿ, 7-6ರಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದರು. ಅತ್ತಿಗೆ ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ಸ್ವಾಮಿಗಳಿಗೆ ಜಮೀನು ಸಿಕ್ತಾ?" ಲಾಯರಮ್ಮ ತಡವರಿಸಿದಳು. "ಅದು... ತತ್ವ ಗೆದ್ದಿತು. ಮಠ ಕೇಳಿದ ಪರಿಹಾರ ಸಿಗಲಿಲ್ಲ." "ಸರಿ ಹಾಗಾದ್ರೆ. ನಿಂಗೂ ತತ್ವ ಸಿಕ್ತು, ಕಾಫಿ ಇಲ್ಲ." ಇಂಥ ತೀರ್ಪು ಕೊಡಲಿಕ್ಕೆ ಹದಿಮೂರು ಜನ ಬೇಕಾಗಲಿಲ್ಲ.

ಅಟ್ಟ ಗುಡಿಸುವ ವಿಷಯದಲ್ಲೂ ಹೀಗೇ. ನಾಳೆ, ನಾಡಿದ್ದು, ಸಂಕ್ರಾಂತಿ ಆಗಲಿ ಎಂದು ಲಾಯರಮ್ಮ ವಾಯಿದೆ ಮೇಲೆ ವಾಯಿದೆ ಕೇಳುತ್ತಿದ್ದಳು. ಒಂದು ರಾತ್ರಿ ಅವಳ ಬಾಯಿಂದಲೇ, ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ವಿಚಾರಣೆಯ ಹಂತದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದಿದೆ ಎಂಬ ಮಾಹಿತಿ ಜಾರಿಬಿತ್ತು. ಬೆಳಿಗ್ಗೆ ಏಳಕ್ಕೆ ಕಂಬಳಿ ಎಳೆದು ಅತ್ತಿಗೆ ಪೊರಕೆ ಕೈಗಿಟ್ಟರು: "ಮೂರು ಮುಗೀತು." ಕೋರ್ಟುಗಳಲ್ಲಿ ಅಷ್ಟಾಗಿ ಪಾಲನೆಯಾಗದ ಆ ನಿಯಮ ನಮ್ಮ ಅಟ್ಟದಲ್ಲಿ ಅಕ್ಷರಶಃ ಜಾರಿಗೆ ಬಂತು.

ಇವೆಲ್ಲ ನಗೆಯಾಟದ ಮಾತು. ಒಂದು ರಾತ್ರಿ ಮಾತು ನಗೆಯನ್ನು ದಾಟಿತು. ಅಡಿಕೆ ಸುಲಿಯಲಿಕ್ಕೆ ನನ್ನ ಅಕ್ಕಂದಿರೂ ಬಂದಿದ್ದರು. ಲಾಯರಮ್ಮನ ಎಸ್ಸೆಸ್ಸೆಲ್ಸಿ ಓದುವ ತಮ್ಮ ಅವಳನ್ನು ರೇಗಿಸಿದ: "ನೀನು ಮದುವೆಯಾಗಿ ಹೋದ ಮೇಲೆ ಆ ಮೂಲೆ ಕೋಣೆ ನಂದೇ." ಇವಳು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಶುರು ಮಾಡಿದಳು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಎಂದು ಕೇಂದ್ರದ ಕಾನೂನು ಹೇಳಿದ್ದು 2005ರಲ್ಲಿ. ಕರ್ನಾಟಕ ಅದಕ್ಕೂ ಮೊದಲೇ, 1994ರಲ್ಲೇ, ತಿದ್ದುಪಡಿ ತಂದಿತ್ತು; ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರದ್ದು ಮದುವೆಯ ಮಾತೇ ಎತ್ತಲಿಲ್ಲ. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟು ಹೇಳಿ ಸುಮ್ಮನಾಗಬಾರದಿತ್ತೇ? ನಮ್ಮ ದೊಡ್ಡಕ್ಕನ ಕಡೆ ತಿರುಗಿ, "ಅತ್ತೆ, ನೀವು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಾಗ ನಿಮಗೆ ಯಾರಾದ್ರೂ ಇದನ್ನ ಓದಿ ಹೇಳಿದ್ರಾ?" ಎಂದಳು.

ನಾನೂ ಅಣ್ಣನೂ ಎಂದೂ ಇಲ್ಲದ ಶ್ರದ್ಧೆಯಿಂದ ಅಡಿಕೆ ಸುಲಿಯತೊಡಗಿದೆವು. ಅಣ್ಣ ಕೊಳೆರೋಗದ ವಿಷಯ ತೆಗೆದ. ನಾನು ಕೊಳೆರೋಗಕ್ಕೆ ನನ್ನ ಜೀವಮಾನದ ಬೆಂಬಲವನ್ನೆಲ್ಲ ಕೊಟ್ಟೆ. ಅಕ್ಕ ಮಾತ್ರ ನಗುತ್ತಲೇ, "ಸಹಿ ಹಾಕಿದ್ದಕ್ಕೆ ಕೊಟ್ಟ ಸೀರೆ ಚೆನ್ನಾಗಿತ್ತು ಮಾರಾಯ್ತಿ" ಎಂದಳು. ಅಜ್ಜಿ ಒಗ್ಗರಣೆ ಹಾಕಿದರು: "ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ." ಲಾಯರಮ್ಮ ಬಿಡಲಿಲ್ಲ: "ಹೌದಜ್ಜಿ, ಕೋರ್ಟಿಗೇ ಹೋಗದವರ ಗತಿ ಏನು ಅಂತ ಆ ಗಾದೆಯಲ್ಲಿ ಇಲ್ವಲ್ಲ?"

ಆಗ ನನಗೆ ಹೊಳೆದದ್ದು ಇಷ್ಟು. ಪರೀಕ್ಷೆಯಲ್ಲಿ ಈ ಹುಡುಗಿ ವಾದ ಮಾಡುವಂತಿಲ್ಲ. ಎಂದೋ ಯಾರೋ ಮಾಡಿದ ವಾದವನ್ನು ಗಡಿಯಾರ ನೋಡುತ್ತ ಬರೆದು ಬರಬೇಕು. 1994, 2005, 2020 ಎಂಬ ಇಸವಿಗಳಿಗೆ ಅಲ್ಲಿ ಅಂಕ ಸಿಗುತ್ತದೆ. ಅತ್ತೆಯ ಸೀರೆಗೆ ಸಿಗುವುದಿಲ್ಲ. ಅದಕ್ಕೇ ಅವಳಿಗೆ ವಿಶ್ರಾಂತಿ ಎಂದರೆ ಬಾಯಿ ಮುಚ್ಚಿ ಮಲಗುವುದಲ್ಲ. ಅಂಕದ ಹೆದರಿಕೆಯಿಲ್ಲದೆ ತನ್ನದೇ ಪ್ರಶ್ನೆ ಕೇಳುವುದು. ಸೋತರೆ ಹೋಗುವುದು ಒಂದು ಲೋಟ ಕಾಫಿ. ಗೆದ್ದರೆ ಇಬ್ಬರು ಗಂಡಸರು ಮೂಟೆಗಟ್ಟಲೆ ಅಡಿಕೆ ಸುಲಿಯುತ್ತಾರೆ.

ಕೊನೆಯ ಮೊಕದ್ದಮೆ ನನ್ನ ಮೇಲೆಯೇ ಬಿತ್ತು. ಪರೀಕ್ಷೆ ಮುಗಿದ ಮೇಲೆ ಗೆಳತಿಯರ ಜೊತೆ ಗೋಕರ್ಣಕ್ಕೆ ಹೋಗುವ ಖರ್ಚು ನನ್ನದು ಎಂದು ನಾನು ಫೋನಿನಲ್ಲಿ ಹೇಳಿದ್ದೆನಂತೆ. ನಾನೇನು ಸಾಮಾನ್ಯನೇ? ಅವಳು ಮಲಗಿದ್ದಾಗ ಅವಳದೇ ಕರಾರು ಕಾನೂನಿನ ಪುಸ್ತಕ ತಿರುವಿ ಹಾಕಿದ್ದೆ. ಗಂಡ ಹೆಂಡತಿಗೆ ತಿಂಗಳಿಗೆ ಮೂವತ್ತು ಪೌಂಡು ಕೊಡುತ್ತೇನೆಂದು ಮಾತು ಕೊಟ್ಟು ತಪ್ಪಿದ್ದಕ್ಕೆ ಹೆಂಡತಿ ಕೋರ್ಟಿಗೆ ಹೋದಾಗ, ಮನೆಯೊಳಗಿನ ಇಂಥ ಮಾತು ಕರಾರಾಗುವುದಿಲ್ಲ ಎಂದು ಇಂಗ್ಲೆಂಡಿನ ಕೋರ್ಟು 1919ರಲ್ಲಿ ಹೇಳಿತ್ತು. "ಬಾಲ್ಫರ್ ವಿರುದ್ಧ ಬಾಲ್ಫರ್!" ಎಂದೆ ಎದೆಯುಬ್ಬಿಸಿ. ಲಾಯರಮ್ಮನ ಮುಖ ಅರಳಿತು. ಇಷ್ಟು ದಿನದಲ್ಲಿ ಅವಳಿಗೆ ಸಿಕ್ಕ ಮೊದಲ ಎದುರಾಳಿ ವಕೀಲ ನಾನು. "ಸಿಂಪ್‌ಕಿನ್ಸ್ ವಿರುದ್ಧ ಪೇಸ್, 1955" ಎಂದಳು ತಣ್ಣಗೆ. ಅಲ್ಲಿ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು, ಮನೆಯಲ್ಲಿ ಬಾಡಿಗೆಗಿದ್ದ ಒಬ್ಬಳು ಸೇರಿ ಪತ್ರಿಕೆಯ ಸ್ಪರ್ಧೆಗೆ ಅಜ್ಜಿಯ ಹೆಸರಲ್ಲಿ ಉತ್ತರ ಕಳಿಸುತ್ತಿದ್ದರು. 750 ಪೌಂಡು ಬಹುಮಾನ ಬಂದಾಗ ಅಜ್ಜಿ ಪಾಲು ಕೊಡಲೊಪ್ಪಲಿಲ್ಲ. ಮನೆಯೊಳಗಿನದಾದರೂ ಮಾತು ಮಾತೇ, ಮೂರರಲ್ಲೊಂದು ಪಾಲು ಕೊಡು ಎಂದಿತು ಕೋರ್ಟು. "ಅಲ್ಲಿ ಮೂವರೂ ದುಡ್ಡು ಹಾಕಿದ್ದರು, ನೀನೇನು ಹಾಕಿದ್ದೀ?" ಎಂದು ನಾನು ಪಟ್ಟು ಹಿಡಿದೆ. "ಒಂದು ಸೆಮಿಸ್ಟರ್" ಎಂದಳು. ಸಾಕ್ಷಿಗೆ ಅಜ್ಜಿಯನ್ನು ಕರೆದೆ. ಹೊಸ ಕೋಡುಬಳೆಗೆ ಹಿಟ್ಟು ನಾದಿಕೊಟ್ಟ ಮೊಮ್ಮಗಳ ಪರ ಸಾಕ್ಷಿ ನುಡಿದು ನನಗೆ ಪ್ರತಿಕೂಲವಾದರು. ಖರ್ಚು ಸಮೇತ ಡಿಕ್ರಿಯಾಯಿತು.

ಗೋಕರ್ಣದಿಂದ ಬಂದವಳು ಈಗ ಬೆಂಗಳೂರಿಗೆ ಹೊರಡಲು ಬ್ಯಾಗು ತುಂಬುತ್ತಿದ್ದಾಳೆ. ಮುಂದಿನ ಸೆಮಿಸ್ಟರಿಗೆ ತೆರಿಗೆ ಕಾನೂನು ಇದೆಯಂತೆ. ಸುದ್ದಿ ಕೇಳಿದಾಗಿನಿಂದ ಅಣ್ಣ ಅಡಿಕೆ ಲೆಕ್ಕದ ಪುಸ್ತಕ ಇಡಲಿಕ್ಕೆ ಮನೆ ತುಂಬ ಜಾಗ ಹುಡುಕುತ್ತಿದ್ದಾನೆ. "ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಮಾರಾಯ, ಹೆದರ್ತೀಯ ಎಂತಕ್ಕೆ?" ಎಂದೆ.

"ಇಲ್ಲ ಅಂತ ಸರ್ಕಾರ ಒಪ್ಪಿದೆ. ಇವಳು ಒಪ್ಪಬೇಕಲ್ಲ!" ಎಂದ.